ಹೆಬ್ಬೆರಳುದ್ದದ ಜೀವಾಳ

ಇಂಟರ್ನಲ್ಸ್ ಹಿಂದಿನ ರಾತ್ರಿ ಎರಡು ಗಂಟೆಗೆ ಪುಸ್ತಕದ ಮೇಲೆಯೇ ತಲೆಯಿಟ್ಟು ಮಲಗಿಬಿಡುತ್ತೇವೆ. ಕರೆಂಟ್ ಹೋದದ್ದು, ಫ್ಯಾನ್ ನಿಂತದ್ದು, ಪಕ್ಕದ ರೂಮಿನವನು ಬಾಗಿಲು ಬಡಿದದ್ದು ಯಾವುದೂ ಗೊತ್ತಾಗುವುದಿಲ್ಲ. ಆದರೂ ಬೆಳಗ್ಗೆ ಬದುಕಿಯೇ ಏಳುತ್ತೇವೆ. ಅಷ್ಟು ಹೊತ್ತು ನಮ್ಮ ಉಸಿರಾಟವನ್ನು ಯಾರು ನೋಡಿಕೊಂಡರು? ರಕ್ತದೊತ್ತಡ ಕುಸಿಯದಂತೆ, ಎಂಜಲು ಶ್ವಾಸನಾಳಕ್ಕೆ ಇಳಿಯದಂತೆ ಕಾದವರು ಯಾರು? ಅಲಾರಾಂ ಹೊಡೆದಾಗ ಇಡೀ ಮಿದುಳನ್ನು ತಟ್ಟಿ ಎಬ್ಬಿಸಿದವರು ಯಾರು?

ಎಲ್ಲಕ್ಕೂ ಉತ್ತರ ಒಂದೇ: ಮಿದುಳ ಕಾಂಡ. ಹೂಕೋಸನ್ನು ಎತ್ತಿ ಹಿಡಿದ ದಂಟಿನ ಹಾಗೆ, ದೊಡ್ಡ ಮಿದುಳಿನ ಬುಡದಲ್ಲಿ ನಿಂತು ಅದನ್ನು ಬೆನ್ನುಹುರಿಗೆ ಜೋಡಿಸುವ ಭಾಗ ಇದು. ಉದ್ದ ಏಳೆಂಟು ಸೆಂಟಿಮೀಟರ್, ಅಂದರೆ ನಮ್ಮ ಹೆಬ್ಬೆರಳಿಗಿಂತ ತುಸು ಹೆಚ್ಚು. ಕಲಿತ ಗಣಿತ, ಕಂಡ ಕನಸು, ಪ್ರೀತಿ, ಜಗಳ ಎಲ್ಲ ಮೇಲಿನ ಮಿದುಳಿನ ವ್ಯವಹಾರ. ಜೀವ ಹಿಡಿದಿಡುವ ಕೆಲಸ ಮಾತ್ರ ಈ ದಂಟಿನದು.

ನಾನು ವೈದ್ಯಕೀಯ ವಿದ್ಯಾರ್ಥಿಯಲ್ಲ, ಓದುತ್ತಿರುವುದು ಬಿಇ. ಆದರೂ ಇದರ ಬಗ್ಗೆ ಬರೆಯಲು ಕಾರಣವಿದೆ. ಪತ್ರಿಕೆಯಲ್ಲಿ ಆಗಾಗ ‘ಮಿದುಳು ನಿಷ್ಕ್ರಿಯಗೊಂಡ ಯುವಕ’ ಎಂಬ ಸುದ್ದಿ ಓದುತ್ತೇವೆ. ಆ ಯುವಕ ಹೆಚ್ಚಾಗಿ ನಮ್ಮ ವಯಸ್ಸಿನವನೇ ಆಗಿರುತ್ತಾನೆ, ಹೆಚ್ಚಾಗಿ ಬೈಕಿನ ಮೇಲಿದ್ದವನೇ ಆಗಿರುತ್ತಾನೆ. ಆ ಒಂದು ಪದದ ಅರ್ಥ ಮಾತ್ರ ನಮ್ಮಲ್ಲಿ ಬಹಳ ಜನರಿಗೆ ಸರಿಯಾಗಿ ಗೊತ್ತಿಲ್ಲ.

ಮೂರು ಮಹಡಿ, ಒಂದು ಕಾವಲು

ಮಿದುಳ ಕಾಂಡಕ್ಕೆ ಮೂರು ಭಾಗ. ಮೇಲಿನದು ಮಿಡ್‌ಬ್ರೈನ್, ನಡುವಿನದು ಪಾನ್ಸ್, ಕೆಳಗಿನದು ಮೆಡುಲ್ಲಾ. ತಲೆಯಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ 10 ಜೊತೆ ಹೊರಡುವುದು ಇಲ್ಲಿಂದಲೇ. ಕಣ್ಣು ಹೊರಳಿಸುವುದು, ಮುಖ ಅರಳಿಸುವುದು, ಅಗಿಯುವುದು, ನುಂಗುವುದು, ಕೆಮ್ಮುವುದು ಎಲ್ಲ ಅವುಗಳ ಹೊಣೆ. ಮಿದುಳಿನಿಂದ ಕೈಕಾಲಿಗೆ ಹೋಗುವ ಆದೇಶ, ಮೈಯಿಂದ ಮಿದುಳಿಗೆ ಬರುವ ಸುದ್ದಿ ಎರಡೂ ಈ ಕಿರಿದಾದ ದಾರಿಯಲ್ಲೇ ಸಾಗಬೇಕು.

ಇದರ ಒಳಗೆ ಬಲೆಯಂತೆ ಹೆಣೆದುಕೊಂಡ ನರಕೋಶಗಳಿವೆ. 1949ರಲ್ಲಿ ಮೊರುಜಿ ಮತ್ತು ಮಗೌನ್ ಎಂಬ ಇಬ್ಬರು ವಿಜ್ಞಾನಿಗಳು ಬೆಕ್ಕುಗಳ ಮಿದುಳ ಕಾಂಡದ ಈ ಬಲೆಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ನೋಡಿದರು. ನಿದ್ದೆಯ ನಿಧಾನ ಅಲೆಗಳು ಮಾಯವಾಗಿ ಇಡೀ ಮಿದುಳು ಎಚ್ಚರದ ಅಲೆಗಳನ್ನು ತೋರಿಸಿತು. ಎಚ್ಚರ ಎಂಬುದಕ್ಕೆ ಮೇಲಿನ ಮಿದುಳೊಂದೇ ಸಾಲದು, ಕೆಳಗಿನಿಂದ ಸ್ವಿಚ್ ಒತ್ತುವವರು ಬೇಕು ಎಂಬುದು ಆಗ ತಿಳಿಯಿತು.

ಉಸಿರಾಟದ ಲೆಕ್ಕ ಇನ್ನೂ ಸೊಗಸಾದದ್ದು. ಸುಮ್ಮನೆ ಕುಳಿತಾಗ ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ದಿನಕ್ಕೆ ಸುಮಾರು 20 ಸಾವಿರ ಉಸಿರು. ಇದಕ್ಕೆ ತಾಳ ಹಾಕುವ ನರಕೋಶಗಳ ಗುಂಪನ್ನು ಜಾಕ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಮೆಡುಲ್ಲಾದಲ್ಲಿ ಗುರುತಿಸಿ, 1991ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಅದರ ಹೆಸರು ಪ್ರಿ-ಬಾಟ್ಜಿಂಗರ್ ಕಾಂಪ್ಲೆಕ್ಸ್. ಜರ್ಮನಿಯಲ್ಲಿ ನಡೆದ ಸಮ್ಮೇಳನವೊಂದರ ಊಟದ ಮೇಜಿನ ಮೇಲಿದ್ದ ವೈನ್ ಬಾಟಲಿಯ ಹೆಸರೇ ಈ ಜಾಗಕ್ಕೆ ಬಂತು!

ಈಗಲೇ ಒಮ್ಮೆ ಉಸಿರು ಹಿಡಿದು ನೋಡಿ. ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದ ಮೇಲೆ ಎದೆಯೊಳಗೆ ಯಾರೋ ಒದ್ದಂತಾಗಿ ಬಾಯಿ ತಾನಾಗಿ ತೆರೆಯುತ್ತದೆ. ಆಮ್ಲಜನಕ ಅಷ್ಟು ಬೇಗ ಮುಗಿದಿರುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು ಎಂದು ಮಿದುಳ ಕಾಂಡದ ಸೆನ್ಸರ್ ಕೂಗಿಕೊಂಡಿರುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ತರಗತಿಯಲ್ಲಿ ಫೀಡ್‌ಬ್ಯಾಕ್ ಲೂಪ್ ಚಿತ್ರ ಬರೆದು ಬರೆದು ಬೇಸತ್ತವರಿಗೆ, ಹುಟ್ಟಿದಾಗಿನಿಂದ ಒಂದು ಕ್ಷಣವೂ ನಿಲ್ಲದ ಲೂಪ್ ನಮ್ಮ ಕತ್ತಿನ ಮೇಲ್ಭಾಗದಲ್ಲೇ ಇದೆ. ‘ನಾನು ಇನ್ನು ಉಸಿರಾಡುವುದಿಲ್ಲ’ ಎಂದು ಎಷ್ಟೇ ಹಟ ಹಿಡಿದರೂ ಅದು ನಮ್ಮ ಮಾತು ಕೇಳುವುದಿಲ್ಲ. ಈ ಸೆನ್ಸರ್‌ನ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ವಿದ್ಯಾರ್ಥಿಗಳು ಉಸಿರು ಕೊಟ್ಟ ಊರು

1952ರ ಆಗಸ್ಟ್. ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತ್ತು. ಪೋಲಿಯೊ ಎಂದರೆ ಕಾಲು ಸೊರಗುವ ಕಾಯಿಲೆ ಎಂದಷ್ಟೇ ನಮಗೆ ಗೊತ್ತು. ಅದರ ವೈರಾಣು ಮಿದುಳ ಕಾಂಡಕ್ಕೂ ಏರಬಲ್ಲದು. ಹಾಗೆ ಏರಿದರೆ ನುಂಗಲಾಗದು, ಉಸಿರಾಡಲಾಗದು. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಬಂದ ಇಂಥ ರೋಗಿಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಜನ ಸಾಯುತ್ತಿದ್ದರು.

ಆಗ ಬ್ಯೋನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಒಂದು ಉಪಾಯ ಹೇಳಿದರು. ಕತ್ತಿನಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡುವುದು. 12 ವರ್ಷದ ಹುಡುಗಿಯೊಬ್ಬಳ ಮೇಲೆ ಮೊದಲು ಪ್ರಯೋಗಿಸಿದರು. ಆಕೆ ಬದುಕಿದಳು. ಆದರೆ ಹಗಲೂ ರಾತ್ರಿ ಚೀಲ ಒತ್ತುವವರು ಯಾರು? ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಬಂದರು. ನಮ್ಮ ವಯಸ್ಸಿನವರು. ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕುಳಿತು, ಒಬ್ಬರ ಮಿದುಳ ಕಾಂಡ ಮಾಡಬೇಕಾದ ಕೆಲಸವನ್ನು ವಾರಗಟ್ಟಲೆ ಕೈಯಿಂದ ಮಾಡಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇಂದಿನ ಐಸಿಯು ಹುಟ್ಟಿದ್ದು ಹೀಗೆ. ವಿದ್ಯಾರ್ಥಿಗಳ ಕೈಯ ಜಾಗಕ್ಕೆ ನಿಧಾನವಾಗಿ ವೆಂಟಿಲೇಟರ್ ಬಂತು.

ವೆಂಟಿಲೇಟರ್ ಲಕ್ಷಾಂತರ ಜನರನ್ನು ಉಳಿಸಿತು. ಜೊತೆಗೆ ಮನುಷ್ಯ ಹಿಂದೆಂದೂ ಕಾಣದ ಒಂದು ಸ್ಥಿತಿಯನ್ನೂ ತಂದಿಟ್ಟಿತು. ಮೊದಲೆಲ್ಲ ಮಿದುಳ ಕಾಂಡ ಸತ್ತರೆ ಉಸಿರು ನಿಲ್ಲುತ್ತಿತ್ತು, ನಿಮಿಷಗಳಲ್ಲಿ ಹೃದಯವೂ ನಿಲ್ಲುತ್ತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಈಗ ಯಂತ್ರ ಗಾಳಿ ತುಂಬುತ್ತಲೇ ಇರುತ್ತದೆ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ, ಮಿಡಿತ ಹುಟ್ಟಿಸುವ ಕೋಶಗಳು ಅದರೊಳಗೇ ಇವೆ. ಆಮ್ಲಜನಕ ಸಿಗುವ ತನಕ ಅದು ಬಡಿಯುತ್ತದೆ. ಕಾಂಡ ಸತ್ತಿದೆ, ಹೃದಯ ಬಡಿಯುತ್ತಿದೆ. 1959ರಲ್ಲಿ ಫ್ರಾನ್ಸ್‌ನ ಮೊಲಾರೆ ಮತ್ತು ಗುಲೋನ್ ಎಂಬ ವೈದ್ಯರು ಇಂಥ ರೋಗಿಗಳನ್ನು ವರ್ಣಿಸಿ ‘ಕೋಮಾವನ್ನೂ ದಾಟಿದ ಸ್ಥಿತಿ’ ಎಂದರು. 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿ ಇದನ್ನು ಸಾವು ಎಂದೇ ಪರಿಗಣಿಸಲು ಮಾನದಂಡ ಕೊಟ್ಟಿತು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ‘ಮಿದುಳ ಕಾಂಡದ ಸಾವು’ ಎಂಬ ಪದವನ್ನೇ ಬಳಸಿ ಅದಕ್ಕೆ ವ್ಯಾಖ್ಯಾನ ನೀಡಿತು: ಕಾಂಡದ ಎಲ್ಲ ಕೆಲಸಗಳೂ ಮರಳಿ ಬಾರದಂತೆ, ಶಾಶ್ವತವಾಗಿ ನಿಂತುಹೋದ ಸ್ಥಿತಿ.

ಒಂದು ಪದದ ಭಾರ

ಕಳೆದ ವರ್ಷ ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಐಸಿಯು ಸೇರಿದರು. ಕ್ಯಾಂಪಸ್ ಸೆಲೆಕ್ಷನ್ ಆಗಿ ಎರಡು ತಿಂಗಳಾಗಿತ್ತು. ಮೂರನೇ ದಿನ ವೈದ್ಯರು ಮನೆಯವರನ್ನು ಕೂರಿಸಿಕೊಂಡು ವಿಷಯ ತಿಳಿಸಿದರು. ಕಾರಿಡಾರಿನಲ್ಲಿ ನಾವು ಏಳೆಂಟು ಜನ ನಿಂತಿದ್ದೆವು. ಅವರ ತಾಯಿ ಕೇಳಿದ್ದು ಒಂದೇ ಮಾತು: ‘ಎದಿ ಏರಾಕತ್ತೈತಿ, ಇಳ್ಯಾಕತ್ತೈತಿ. ಮೈ ಬೆಚ್ಚಗೈತಿ. ಸತ್ತಾನ ಅಂತ ಹೆಂಗ ಅಂತೀರಿ ಡಾಕ್ಟ್ರ?’

ಬಂಧುವೊಬ್ಬರು ಸಮಾಧಾನ ಹೇಳಿದರು: ‘ನಿಷ್ಕ್ರಿಯ ಅಷ್ಟ ಆಗೇತಿ ಅಕ್ಕಾ, ದೊಡ್ಡ ದವಾಖಾನಿಗೆ ಒಯ್ದ್ರ ಸರಿ ಆಕ್ಕೈತಿ.’ ಮನೆಯವರು ಹೊಲ ಅಡವಿಡುವ ಮಾತಾಡಿದರು. ಅಂಗಾಂಗ ದಾನದ ಬಗ್ಗೆ ಒಬ್ಬರು ಮೆಲ್ಲಗೆ ಕೇಳಿದರು. ಯಾರೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಮಧ್ಯಾಹ್ನ ಹೃದಯವೂ ನಿಂತಿತು.

ಅಲ್ಲಿ ಯಾರದೂ ತಪ್ಪಿರಲಿಲ್ಲ. ಆದರೆ ಆ ‘ನಿಷ್ಕ್ರಿಯ’ ಎಂಬ ಪದ ನನ್ನ ತಲೆಯಿಂದ ಹೋಗಿಲ್ಲ. ನಮ್ಮ ಮಾತಿನಲ್ಲಿ ನಿಷ್ಕ್ರಿಯ ಎಂದರೇನು? ವಹಿವಾಟು ಮಾಡದ ಬ್ಯಾಂಕ್ ಖಾತೆ ನಿಷ್ಕ್ರಿಯ, ಕೆವೈಸಿ ಕೊಟ್ಟರೆ ಮತ್ತೆ ಚಾಲೂ. ಬಹುದಿನ ರೀಚಾರ್ಜ್ ಮಾಡದ ಸಿಮ್ ನಿಷ್ಕ್ರಿಯ. ಅಂಥ ಪದವನ್ನು ಸಾವಿಗೆ ಬಳಸಿದರೆ, ತಾಯಿಯೊಬ್ಬಳು ರೀಚಾರ್ಜ್ ಮಾಡುವ ದಾರಿ ಹುಡುಕದೆ ಇನ್ನೇನು ಮಾಡಬೇಕು? ಮಿದುಳ ಕಾಂಡ ಸತ್ತವರು ಮತ್ತೆ ಎದ್ದು ಬರುವುದಿಲ್ಲ. ಇದು ಸಾವಿನ ಸಮೀಪದ ಸ್ಥಿತಿಯಲ್ಲ, ಸಾವೇ. ಕಾಯ್ದೆಯೂ ಹಾಗೇ ಹೇಳುತ್ತದೆ.

ಮೂರು ಸ್ಥಿತಿ, ಮೂರು ಅರ್ಥ

ಹಾಗಾದರೆ ‘ಹತ್ತು ವರ್ಷ ಕೋಮಾದಲ್ಲಿದ್ದು ಎದ್ದರು’ ಎಂಬ ಸುದ್ದಿಗಳೆಲ್ಲ ಸುಳ್ಳೇ? ಇಲ್ಲಿಯೇ ಗೊಂದಲ ಇರುವುದು. ಕೋಮಾ ಬೇರೆ, ಮಿದುಳ ಕಾಂಡದ ಸಾವು ಬೇರೆ.

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರ ಹೆಸರು ಕೇಳಿರುತ್ತೀರಿ. 1973ರ ನವೆಂಬರ್‌ನಲ್ಲಿ ನಡೆದ ಕ್ರೂರ ಹಲ್ಲೆಯಲ್ಲಿ ಅವರ ಮಿದುಳಿಗೆ ಆಮ್ಲಜನಕ ತಪ್ಪಿತು. ಮೇಲಿನ ಮಿದುಳು ತೀವ್ರವಾಗಿ ಹಾಳಾಯಿತು. ಮಿದುಳ ಕಾಂಡಕ್ಕೂ ಪೆಟ್ಟು ಬಿದ್ದಿತ್ತು, ಆದರೆ ಅದು ಸತ್ತಿರಲಿಲ್ಲ. ಹಾಗಾಗಿ ಅವರು ವೆಂಟಿಲೇಟರ್ ಇಲ್ಲದೆ ತಾವೇ ಉಸಿರಾಡುತ್ತಿದ್ದರು. ದಯಾಮರಣದ ಅರ್ಜಿಯ ಮೇಲೆ 2011ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಈ ಅಂಶವನ್ನು ಗಮನಿಸಿ, ಅವರು ಸತ್ತಿಲ್ಲ ಎಂದೇ ಹೇಳಿತು. ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡರು.

ಇದಕ್ಕೆ ಪೂರ್ತಿ ವಿರುದ್ಧ ಫ್ರಾನ್ಸ್‌ನ ಪತ್ರಕರ್ತ ಜೀನ್ ಡೊಮಿನಿಕ್ ಬೊಬಿ ಅವರ ಕಥೆ. ‘ಎಲ್’ ಪತ್ರಿಕೆಯ ಸಂಪಾದಕರಾಗಿದ್ದ ಅವರಿಗೆ 1995ರ ಡಿಸೆಂಬರ್‌ನಲ್ಲಿ ಮಿದುಳ ಕಾಂಡದಲ್ಲೇ ಪಾರ್ಶ್ವವಾಯು ಆಯಿತು. ಮೇಲಿನ ಮಿದುಳು ಸಂಪೂರ್ಣ ಸರಿಯಿದೆ, ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ, ಆದರೆ ಆದೇಶ ಕೆಳಗಿಳಿಯುವ ದಾರಿ ಪಾನ್ಸ್‌ನಲ್ಲಿ ಕಡಿದುಹೋಗಿದೆ. ಇದಕ್ಕೆ ಲಾಕ್ಡ್-ಇನ್ ಸಿಂಡ್ರೋಮ್ ಎನ್ನುತ್ತಾರೆ, ಒಳಗೇ ಬೀಗ ಬಿದ್ದ ಸ್ಥಿತಿ. ರೆಪ್ಪೆ ಎತ್ತುವ ನರ ಹೊರಡುವುದು ಪಾನ್ಸ್‌ಗಿಂತ ಮೇಲಿನ ಮಿಡ್‌ಬ್ರೈನ್‌ನಿಂದ. ಅವರಿಗೆ ಉಳಿದದ್ದು ಎಡಗಣ್ಣಿನ ರೆಪ್ಪೆ ಮಾತ್ರ. ಎದುರಿಗೆ ಕುಳಿತವರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಿದ್ದರು, ಬೇಕಾದ ಅಕ್ಷರ ಬಂದಾಗ ಬೊಬಿ ಕಣ್ಣು ಮಿಟುಕಿಸುತ್ತಿದ್ದರು. ಅಕ್ಷರಗಳ ಸಾಲು ಎ, ಬಿ, ಸಿ ಆಗಿರಲಿಲ್ಲ. ಫ್ರೆಂಚ್‌ನಲ್ಲಿ ಹೆಚ್ಚು ಬಳಕೆಯಾಗುವ ಇ, ಎಸ್, ಎ, ಆರ್ ಮೊದಲು ಬರುವಂತೆ ಜೋಡಿಸಿದ್ದರು. ಇನ್ಫರ್ಮೇಶನ್ ಥಿಯರಿಯಲ್ಲಿ ಹಫ್‌ಮನ್ ಕೋಡಿಂಗ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತದೆ: ಹೆಚ್ಚು ಬೇಕಾದದ್ದಕ್ಕೆ ಕಡಿಮೆ ಶ್ರಮ. ಹಾಗೆ ರೆಪ್ಪೆಯಲ್ಲೇ ಅವರು ಇಡೀ ಪುಸ್ತಕ ಬರೆಸಿದರು. ‘ದ ಡೈವಿಂಗ್ ಬೆಲ್ ಆ್ಯಂಡ್ ದ ಬಟರ್‌ಫ್ಲೈ’ 1997ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಅರುಣಾ ಅವರಲ್ಲಿ ಕಾಂಡ ಬದುಕಿತ್ತು, ಮೇಲಿನ ಮಿದುಳು ಹಾಳಾಗಿತ್ತು. ಬೊಬಿಯಲ್ಲಿ ಮೇಲಿನದು ಬದುಕಿತ್ತು, ಕಾಂಡದ ದಾರಿ ಕಡಿದಿತ್ತು. ಇಬ್ಬರೂ ಜೀವಂತ. ಮೂರನೆಯದು, ಕಾಂಡದ ಪ್ರತಿಯೊಂದು ಕೆಲಸವೂ ನಿಂತುಹೋದ ಸ್ಥಿತಿ. ಅದೊಂದನ್ನು ಮಾತ್ರ ವೈದ್ಯರೂ ಕಾನೂನೂ ಸಾವು ಎನ್ನುತ್ತಾರೆ.

ಹೇಗೆ ಖಚಿತಪಡಿಸುತ್ತಾರೆ?

‘ಅಂಗಾಂಗಕ್ಕಾಗಿ ಬೇಗನೆ ಸತ್ತ ಅಂದುಬಿಡುತ್ತಾರೆ’ ಎಂಬ ಭಯ ಹಲವರಿಗಿದೆ. ಪರೀಕ್ಷೆಯ ಕ್ರಮ ಗೊತ್ತಾದರೆ ಆ ಭಯ ಕಡಿಮೆಯಾದೀತು. ಮೊದಲು ಕಾರಣ ಸ್ಪಷ್ಟವಿರಬೇಕು. ಮತ್ತಿನ ಔಷಧ, ವಿಷ, ಮೈ ತೀರಾ ತಣ್ಣಗಾಗಿರುವುದು ಇವು ಯಾವುವೂ ಇಲ್ಲವೆಂದು ಖಾತ್ರಿಯಾಗಬೇಕು. ಇದು ಸುಮ್ಮನೆ ಇಟ್ಟ ನಿಯಮವಲ್ಲ. ನಮ್ಮ ಹೊಲಗದ್ದೆಗಳಲ್ಲಿರುವ ಕಟ್ಟುಹಾವಿನ ವಿಷ ಸ್ನಾಯುಗಳನ್ನೆಲ್ಲ ಕಟ್ಟಿಹಾಕುತ್ತದೆ. ಕಣ್ಣಿನ ಪಾಪೆಯೂ ಅಲುಗದೆ ರೋಗಿ ಸತ್ತವನಂತೆಯೇ ಕಾಣಬಹುದು. ಆದರೆ ಒಳಗೆ ಮಿದುಳು ಸರಿಯಿರುತ್ತದೆ, ವೆಂಟಿಲೇಟರ್ ಮತ್ತು ಚಿಕಿತ್ಸೆ ಸಿಕ್ಕರೆ ಎದ್ದು ಮನೆಗೆ ನಡೆಯುತ್ತಾರೆ.

ಆಮೇಲೆ ಕಾಂಡದ ಒಂದೊಂದು ಭಾಗವನ್ನೂ ಕರೆದು ನೋಡುತ್ತಾರೆ. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕುಗ್ಗುತ್ತದೆಯೇ? ಕಣ್ಣಗುಡ್ಡೆಗೆ ಹತ್ತಿ ತಾಗಿಸಿದರೆ ರೆಪ್ಪೆ ಮಿಟುಕುತ್ತದೆಯೇ? ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣು ಹೊರಳುತ್ತದೆಯೇ? ಗಂಟಲಿಗೆ ಕೊಳವೆ ತಾಗಿದರೆ ಕೆಮ್ಮು ಬರುತ್ತದೆಯೇ? ಕೊನೆಗೆ ಬರುವುದೇ ಆ ಸೆನ್ಸರ್ ಪರೀಕ್ಷೆ. ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ, ರಕ್ತದ ಇಂಗಾಲದ ಡೈಆಕ್ಸೈಡ್ ಏರಲು ಬಿಡುತ್ತಾರೆ. ಉಸಿರು ಹಿಡಿದಾಗ ನಮ್ಮ ಎದೆಯನ್ನು ಒದ್ದ ಆ ಕಾವಲುಗಾರನಲ್ಲಿ ಎಳ್ಳಷ್ಟು ಜೀವವಿದ್ದರೂ ಎದೆ ಒಮ್ಮೆ ಎಗರಲೇಬೇಕು. ಎಗರದಿದ್ದರೆ ಅವನಿಲ್ಲ. ಎದೆ ಏರಿಳಿಯುತ್ತಿದೆಯಲ್ಲ ಎಂದು ಕೇಳುವ ಎಲ್ಲ ತಾಯಂದಿರಿಗೂ ಉತ್ತರ ಇದೇ: ಅದು ಯಂತ್ರದ ಉಸಿರು.

ಕಾಯ್ದೆಯಂತೆ ನಾಲ್ವರು ವೈದ್ಯರು ಇದಕ್ಕೆ ಸಹಿ ಹಾಕಬೇಕು. ಕಸಿ ಮಾಡುವ ತಂಡದವರು ಅವರಲ್ಲಿ ಇರುವಂತಿಲ್ಲ. ಕನಿಷ್ಠ ಆರು ತಾಸಿನ ಅಂತರದಲ್ಲಿ ಇಡೀ ಪರೀಕ್ಷೆಯನ್ನು ಎರಡು ಸಲ ಮಾಡಬೇಕು.

ಮುಚ್ಚಿದ ಡಬ್ಬಿ

ಬೈಕಿನಿಂದ ಬಿದ್ದರೆ ಪೆಟ್ಟಾಗುವುದು ಹಣೆಗೋ ಪಕ್ಕಕ್ಕೋ. ಬುಡದಲ್ಲಿರುವ ಕಾಂಡ ಸಾಯುವುದೇಕೆ? ತಲೆಬುರುಡೆ ಮುಚ್ಚಿದ ಗಟ್ಟಿ ಡಬ್ಬಿ. ಒಳಗೆ ರಕ್ತ ಸೋರಿದರೂ ಮಿದುಳು ಊದಿಕೊಂಡರೂ ಹಿಗ್ಗಲು ಜಾಗವಿಲ್ಲ. ಒತ್ತಡ ಏರುತ್ತದೆ. ಬುರುಡೆಯ ತಳದಲ್ಲಿ, ಬೆನ್ನುಹುರಿ ಇಳಿಯುವ ಕಡೆ ಒಂದು ದೊಡ್ಡ ರಂಧ್ರವಿದೆ. ಮಿದುಳು ಅತ್ತ ನೂಕಿಕೊಂಡು ಬರುತ್ತದೆ, ದಾರಿಯಲ್ಲಿರುವ ಕಾಂಡ ಜಜ್ಜಿಹೋಗುತ್ತದೆ. ಬಿದ್ದ ತಕ್ಷಣ ಎದ್ದು ಮಾತಾಡಿದವರು ಕೆಲವು ತಾಸಿನ ನಂತರ ಪ್ರಜ್ಞೆ ತಪ್ಪುವುದಕ್ಕೆ ಇದೂ ಒಂದು ಕಾರಣ. ತಲೆಗೆ ಪೆಟ್ಟಾದವರು ‘ಏನೂ ಆಗಿಲ್ಲ ಬಿಡು’ ಎಂದು ರೂಮಿಗೆ ಹೋಗಿ ಮಲಗಬಾರದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸುಮಾರು 50 ಸಾವಿರ ಮಂದಿ ಹೆಲ್ಮೆಟ್ ಹಾಕಿರಲಿಲ್ಲ. ಹೆಲ್ಮೆಟ್ ತಲೆಯ ಗಾಯದ ಅಪಾಯವನ್ನು ಸುಮಾರು ಶೇ 69ರಷ್ಟು, ಸಾವಿನ ಅಪಾಯವನ್ನು ಶೇ 42ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಪೊಲೀಸರು ಕಂಡಾಗ ತಲೆಗೇರಿಸುವ ಟೊಪ್ಪಿಗೆಯಂಥದ್ದಲ್ಲ, ಐಎಸ್‌ಐ ಗುರುತಿರುವ, ಪಟ್ಟಿ ಬಿಗಿದ ಹೆಲ್ಮೆಟ್.

ಮನೆಯ ಹಿರಿಯರ ವಿಷಯದಲ್ಲೂ ಒಂದು ಮಾತು. ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ನಡೆಯುವಾಗ ಓಲಾಡುವುದು ಒಟ್ಟಿಗೆ ಕಂಡರೆ ‘ಪಿತ್ತ ನೆತ್ತಿಗೇರಿದೆ’ ಎಂದು ನಿಂಬೆಹಣ್ಣಿನ ಪಾನಕ ಕೊಟ್ಟು ಕೂರಿಸಬೇಡಿ. ಅದು ಮಿದುಳ ಕಾಂಡದ ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವಿದೆ.

ಮೊದಲೇ ಆಡಬೇಕಾದ ಮಾತು

ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕಣ್ಣನ್ನು ಹೃದಯ ನಿಂತ ಮೇಲೂ ಕೆಲವು ತಾಸಿನೊಳಗೆ ಪಡೆಯಬಹುದು. ಹೃದಯ, ಯಕೃತ್ತು, ಶ್ವಾಸಕೋಶಗಳ ಮಾತು ಬೇರೆ. ಅವುಗಳಿಗೆ ರಕ್ತ ಹರಿಯುತ್ತಿರಬೇಕು. ಆದ್ದರಿಂದ ನಮ್ಮಲ್ಲಿ ಅವನ್ನು ದಾನ ಮಾಡಲು ಸಾಧ್ಯವಾಗುವುದು ಹೆಚ್ಚಾಗಿ ಮಿದುಳ ಕಾಂಡದ ಸಾವಿನಲ್ಲೇ. ಅದೇ ವರ್ಷದ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ನಾವು ಕಳೆದುಕೊಂಡ ನಟ ಸಂಚಾರಿ ವಿಜಯ್ ಅವರ ಮನೆಯವರು ಅಂಥ ದುಃಖದ ನಡುವೆಯೂ ಅಂಗಾಂಗ ದಾನಕ್ಕೆ ಒಪ್ಪಿದರು. ಒಬ್ಬ ದಾನಿಯಿಂದ ಎಂಟು ಜೀವಗಳವರೆಗೆ ಉಳಿಯಬಹುದು. ಆದರೆ ನಮ್ಮ ದೇಶದಲ್ಲಿ ಸತ್ತ ನಂತರ ಅಂಗಾಂಗ ಕೊಡುವವರ ಸಂಖ್ಯೆ ಹತ್ತು ಲಕ್ಷ ಜನರಿಗೆ ಒಬ್ಬರಷ್ಟೂ ಇಲ್ಲ.

ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಅಂಗಾಂಗ ದಾನವನ್ನು ನೋಡಿಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬಹುದು. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲೂ ಈ ಪ್ರಶ್ನೆ ಇದೆ. ಏಜೆಂಟ್ ಕೈಗೆ ಕೊಟ್ಟು ಸುಮ್ಮನಾಗದೆ ಓದಿ ಉತ್ತರಿಸಿ. ಆದರೆ ಕಾರ್ಡ್ ಎಷ್ಟೇ ಇದ್ದರೂ ಆ ಹೊತ್ತಿಗೆ ಆಸ್ಪತ್ರೆಯವರು ಕೇಳುವುದು ಮನೆಯವರನ್ನೇ. ನಮ್ಮಂಥವರ ವಿಷಯದಲ್ಲಿ ಅದು ಅಪ್ಪ ಅಮ್ಮ. ಕೊಡಬೇಕೋ ಬೇಡವೋ ಎಂಬುದು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಐಸಿಯು ಬಾಗಿಲಲ್ಲಿ ನಿಂತು, ಅಳುತ್ತಾ, ಮೊದಲ ಬಾರಿಗೆ ಆ ಪದ ಕೇಳಿ ಅವರು ತೀರ್ಮಾನ ಮಾಡುವಂತಾಗಬಾರದು.

ಮುಂದಿನ ರಜೆಗೆ ಊರಿಗೆ ಹೋದಾಗ, ಊಟಕ್ಕೆ ಕುಳಿತಾಗಲೋ ಜಗುಲಿಯ ಮೇಲೆ ಹರಟುವಾಗಲೋ ಈ ಮಾತು ತೆಗೆಯಿರಿ. ‘ಅಪಶಕುನ ನುಡೀಬೇಡ’ ಎಂದು ಅಮ್ಮ ಗದರಬಹುದು. ಗದರಲಿ. ಕೋಮಾ ಯಾವುದು, ಸಾವು ಯಾವುದು ಎಂದು ನಿಧಾನವಾಗಿ ಬಿಡಿಸಿ ಹೇಳಿ. ನಿಮ್ಮ ಇಷ್ಟ ಏನೆಂಬುದನ್ನೂ ಹೇಳಿ. ಮರಳಿ ಬರುವಾಗ ಹೆಲ್ಮೆಟ್ ಪಟ್ಟಿ ಬಿಗಿದೇ ಗಾಡಿ ಏರಿ. ಆ ಮಾತು ಆಡಿದ್ದು ಎಂದಿಗೂ ಉಪಯೋಗಕ್ಕೆ ಬಾರದಿರಲಿ ಎಂದು ಬಯಸುವ ಅಮ್ಮನಿಗೆ ಅಷ್ಟಾದರೂ ನಾವು ಮಾಡಬೇಕು.